ಸಾನ್ ಗಾಸ್ಪಾರ್ ದ್ವೀಪದ ಸಾಟಿ ಇಲಿಗಳು

ಸಾನ್ ಗಾಸ್ಪಾರ್ ದ್ವೀಪ
ಅಕ್ಟೋಬರ್ 3, 1996

ನಿಕಾನೋರ್,

ನೀನೂ ನಿನ್ನ ಸಂಸ್ಥೆಯವರೂ ದೋಣಿ ಹತ್ತಿದ ಮೇಲೆ ಮುಸುಕಿದ ಮಂಜು ಇನ್ನೂ ಎದ್ದಿಲ್ಲ. ಬೆಳಿಗ್ಗೆ ಮೀನು ಸೀಳಿ ತಲೆಗಳನ್ನು ಎಂದಿನಂತೆ ಹಿತ್ತಿಲಿಗೆ ಎಸೆದೆ. ಎಸೆದ ಮೇಲೆ ನೆನಪಾಯಿತು, ತಿನ್ನುವವರು ಯಾರೂ ಉಳಿದಿಲ್ಲ ಎಂದು. ಈಗ ಅಲ್ಲಿ ನೊಣ ಮುತ್ತುತ್ತಿದೆ. ಮೀನುಗಾರರ ಕ್ಯಾಂಪಿನ ಗಂಡಸರು ಅದಕ್ಕೂ ಅಡುಗೆಯವಳನ್ನೇ ಬೈಯುತ್ತಾರೆ.

ದ್ವೀಪದ ಇಲಿ ಉಳಿಯಬೇಕಾದರೆ ಬೆಕ್ಕು ಒಂದೂ ಉಳಿಯಬಾರದು ಅಂದಿರಿ. ಉಳಿಸಲಿಲ್ಲ. ಮೊದಲ ಎರಡು ಬೆಕ್ಕುಗಳನ್ನು ಟೊಮೇಟೊ ಪೆಟ್ಟಿಗೆಯಲ್ಲಿ ಈ ದ್ವೀಪಕ್ಕೆ ತಂದವಳು ನಾನೇ, ಅದನ್ನೂ ಒಪ್ಪಿಕೊಂಡೆ. ಆಗ ಇಲಿಗಳು ಬಲೆ ಕಡಿಯುತ್ತಿದ್ದವು, ಹಿಟ್ಟಿನ ಚೀಲ ತೂತು ಮಾಡುತ್ತಿದ್ದವು, ಚಮಚ ಕದ್ದು ಅದರ ಜಾಗದಲ್ಲಿ ಒಂದು ಚಿಪ್ಪನ್ನಿಟ್ಟು ಹೋಗುತ್ತಿದ್ದವು. ವಸ್ತುವಿಗೆ ವಸ್ತು ಕೊಡುವ ಸಾಟಿ ಇಲಿ ಎಂದು ಅಪ್ಪ ನಗುತ್ತಿದ್ದ. ಚಮಚವಿಲ್ಲದೆ ಬಡಿಸಬೇಕಾದವಳು ನಾನು. ಈ ಇಲಿ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ, ಈ ಕರಿಕಲ್ಲಿನ ಗುಡ್ಡದಲ್ಲಿ ಮಾತ್ರ ಇರುವುದು ಎಂದು ಆಗ ಯಾರು ಹೇಳಿದ್ದರು? ನಿಮ್ಮ ಸಂಸ್ಥೆಯ ಡಾಕ್ಟರಮ್ಮ ಆಗ ಶಾಲೆಗೆ ಹೋಗುತ್ತಿದ್ದಿರಬೇಕು. ಮೊನ್ನೆ ನನ್ನ ಅಡುಗೆಮನೆಯಲ್ಲೇ ಕೂತು, "ಹಸಿಂತಾ ಅವರೇ, ನಿಮ್ಮಿಂದ ಒಂದು ಇಡೀ ಜಾತಿನೇ ಮುಗಿದು ಹೋಗೋದ್ರಲ್ಲಿತ್ತು" ಅಂದಳು. ಅಂದು, ಬೀನ್ಸನ್ನು ಎರಡನೇ ಸಲ ಹಾಕಿಸಿಕೊಂಡಳು.

ಇರಲಿ. ಕನೇಲಾಳನ್ನು ನಿನ್ನ ಕೈಗೆ ಕೊಟ್ಟಿದ್ದೇನೆ. ಅವಳೊಬ್ಬಳನ್ನು ಕೊಲ್ಲುವುದಿಲ್ಲ, ಊರಲ್ಲಿ ಒಳ್ಳೆಯ ಮನೆ ನೋಡುತ್ತೇನೆ ಎಂದು ಅಮ್ಮನ ಆಣೆ ಹಾಕಿದ್ದೀಯ. ಬುಟ್ಟಿಗೆ ನನ್ನ ನೀಲಿ ಶಾಲು ಹಾಸಿದ್ದೆನಲ್ಲ, ಅದನ್ನು ತೆಗೆಯಬೇಡ. ಮುದಿ ಬೆಕ್ಕು, ಗಟ್ಟಿ ತಿನ್ನಲಾರಳು. ಯಾರ ಮನೆ, ಹೇಗಿದ್ದಾರೆ, ಬರಿ.

ನಿನ್ನನ್ನು ಸಾಕಿದ ಅಕ್ಕ,
ಹಸಿಂತಾ


ಎನ್ಸೆನಾದಾ
ಅಕ್ಟೋಬರ್ 20, 1996

ಪ್ರೀತಿಯ ಅಕ್ಕಾ,

ಕನೇಲಾ ನನಗಿಂತ ಚೆನ್ನಾಗಿದ್ದಾಳೆ. ಬಂದರಿನ ಹತ್ತಿರ ಚಪ್ಪಲಿ ಅಂಗಡಿ ಇಟ್ಟವರ ಮನೆ. ಇಬ್ಬರು ಹೆಣ್ಣುಮಕ್ಕಳು, ಮಿರ್ತಾ ಮತ್ತು ಎದಿತ್. ನಿನ್ನ ಬೆಕ್ಕು ಹೊಲಿಗೆ ಯಂತ್ರದ ಮೇಲೆ ಮಲಗಿದರೆ ಯಜಮಾನಿ ಅವಳನ್ನು ಎಬ್ಬಿಸಲು ಮನಸ್ಸಾಗದೆ ಕೈಯಲ್ಲೇ ಹೊಲಿಯುತ್ತಾಳೆ. ಶಾಲು ಅಲ್ಲೇ ಇದೆ. ದೋಣಿಯಲ್ಲಿ ವಾಂತಿಯನ್ನೂ ಮಾಡಲಿಲ್ಲ.

ಇನ್ನು ನಿನ್ನ ಶತ್ರುಗಳ ವಿಷಯ. ದ್ವೀಪದಲ್ಲೆಲ್ಲ ಹುಡುಕಿ ಹಿಡಿದ ಹನ್ನೊಂದು ಇಲಿಗಳು ಇಲ್ಲಿ ಪಂಜರದಲ್ಲಿವೆ. ಅವುಗಳ ಊಟ, ಶುಚಿ ಎಲ್ಲ ನನ್ನದೇ. ಒಂದು ಕಂತೆ ಕಡ್ಡಿ ಹಾಕಿದರೆ ಬೆಳಗಾಗುವುದರೊಳಗೆ ಮನೆ ಕಟ್ಟಿರುತ್ತವೆ. ನನ್ನ ಬಾಚಣಿಗೆ ಬಿದ್ದಿತ್ತು, ಅದನ್ನೂ ಗೋಡೆಗೆ ಸೇರಿಸಿವೆ. ನೀನು ನಗಬಹುದು, ಆದರೆ ಅವುಗಳ ಮುಂದೆ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಇಷ್ಟು ವರ್ಷ ನಾನು ಏನಾಗಿದ್ದೆ? ಲಾಬ್‌ಸ್ಟರ್ ಬೋನು ಎತ್ತುವವನು, ಎತ್ತಿದ್ದನ್ನು ಕುಡಿದು ಮುಗಿಸುವವನು. ಈಗ ಹೆಸರು ಹೊಲಿದ ಜಾಕೆಟ್ ಕೊಟ್ಟಿದ್ದಾರೆ. ಕುಡಿಯುವುದನ್ನೂ ಬಿಟ್ಟಿದ್ದೇನೆ.

ವಸಂತದಲ್ಲಿ ಇವುಗಳನ್ನು ಮರಳಿ ದ್ವೀಪಕ್ಕೆ ಬಿಡುತ್ತಾರೆ. ನೋಡಿಕೊಳ್ಳಲು ನಿನ್ನನ್ನೇ ನೇಮಿಸಬೇಕೆಂದು ಡಾಕ್ಟರಮ್ಮನಿಗೆ ಹೇಳಿದ್ದೇನೆ. ನಗುತ್ತಾ, "ಕಳ್ಳರ ಕೈಗೇ ಬೀಗದ ಕೈ ಕೊಡೋಣ ಅಂತೀರಾ?" ಅಂದರು. ಕೋಪ ಮಾಡಿಕೊಳ್ಳಬೇಡ.

ನಿನ್ನ ತಮ್ಮ,
ನಿಕಾನೋರ್


ದ್ವೀಪ
ನವೆಂಬರ್ 2, 1996

ಚೋಲೆ,

ಈ ಪತ್ರವನ್ನು ನಿನ್ನ ಗಂಡ ಫಿದೆನ್ಸಿಯೋನ ಕೈಯಲ್ಲೇ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ಇವತ್ತು ಸತ್ತವರ ಹಬ್ಬವಲ್ಲವೇ, ಅಮ್ಮನ ಪಟದ ಮುಂದೆ ಇಡಲು ಏನಾದರೂ ಹೂವು ಸಿಕ್ಕೀತೆಂದು ದಕ್ಷಿಣದ ಕೊರಕಲಿಗೆ ಇಳಿದೆ. ಅಲ್ಲಿ ಕತ್ತಾಳೆ ಬುಡದಲ್ಲಿ ನನ್ನ ನೀಲಿ ಶಾಲು ಕಂಡಿತು. ಅದರಲ್ಲಿ ಕನೇಲಾ ಇದ್ದಳು. ಇದ್ದಳು ಎಂದರೆ, ಉಳಿದದ್ದು. ಕಿವಿಯ ಹಿಂದೆ ಗುಂಡಿನ ತೂತು. ದೋಣಿಯವರೆಗೂ ಅವಳನ್ನು ಒಯ್ದಿರಲಿಲ್ಲ, ಚೋಲೆ. ಅಡುಗೆಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರ.

ಆ ಬೆಳಿಗ್ಗೆ ಒಂದು ಗುಂಡಿನ ಸದ್ದು ಕೇಳಿದ್ದೆ. ವಾರವೆಲ್ಲ ಕೇಳಿ ಕೇಳಿ ಅಭ್ಯಾಸವಾಗಿತ್ತು. ಇನ್ಯಾವುದೋ ಕಾಡುಬೆಕ್ಕಿರಬೇಕೆಂದು ರೊಟ್ಟಿ ಹಿಟ್ಟು ನಾದುತ್ತಾ ಕೂತಿದ್ದೆ. ಈಗ ನೋಡಿದರೆ ಅವನ ಪತ್ರದಲ್ಲಿ ಅವಳು ಯಾರದೋ ಹೊಲಿಗೆ ಯಂತ್ರದ ಮೇಲೆ ಮಲಗಿದ್ದಾಳೆ.

ಅವನು ಕೊಂದದ್ದಕ್ಕೆ ಇಷ್ಟು ಸಂಕಟವಿಲ್ಲ. ಹೇಳಿ ಕೊಂದಿದ್ದರೆ ಬೈದು, ಅತ್ತು, ಊಟಕ್ಕೆ ಬಡಿಸಿರುತ್ತಿದ್ದೆ. ಅಮ್ಮ ಸತ್ತಾಗ ಅವನಿಗೆ ಹಲ್ಲೂ ಪೂರ್ತಿ ಬಂದಿರಲಿಲ್ಲ. ಅನ್ನವನ್ನು ನಾನೇ ಜಗಿದು ತಿನ್ನಿಸಿದ್ದೇನೆ ಅವನಿಗೆ.

ನನಗೊಂದು ಬೆಕ್ಕು ಕಳಿಸು. ಹೆಣ್ಣು. ಬಸುರಿಯಾದರೆ ಇನ್ನೂ ಒಳ್ಳೆಯದು. ಅವನಿಗೆ ಗೊತ್ತಾಗಬಾರದು.

ಹಸಿಂತಾ


ಲಾ ಕಲೇತಾ
ನವೆಂಬರ್ 11

ಹಸಿಂತಾ,

ನಿನಗೆ ತಲೆ ಕೆಟ್ಟಿದೆ ಎಂದು ಫಿದೆನ್ಸಿಯೋ ಹೇಳಿದ. ನಾನೂ ಅದನ್ನೇ ಹೇಳುತ್ತೇನೆ. ಆದರೂ ಕೇಳಿದ್ದು ಬಕೆಟ್ಟಿನಲ್ಲಿದೆ, ಮುಚ್ಚಳ ತೆಗೆಯುವಾಗ ಮುಖ ಹಿಂದಿಟ್ಟುಕೋ. ಐಸ್ ಕಾರ್ಖಾನೆಯ ಹಿಂದಿನದು, ಪಟ್ಟೆ ಬೆಕ್ಕು, ಬಹಳ ಜೋರು. ಹೊಟ್ಟೆ ನೋಡಿದರೆ ಈ ತಿಂಗಳೇ ಮರಿ ಹಾಕುತ್ತದೆ.

ನಾನು ಯಾಕೆ ಒಪ್ಪಿದೆ ಎಂದು ಕೇಳಬೇಡ. ಆ ಸಂಸ್ಥೆಯವರು ಬಂದಾಗಿನಿಂದ ಫಿದೆನ್ಸಿಯೋ ದ್ವೀಪದ ಉತ್ತರಕ್ಕೆ ಬೋನು ಇಳಿಸುವಂತಿಲ್ಲ, ಒಣ ಕತ್ತಾಳೆ ಕಡಿದು ಒಲೆ ಉರಿಸುವಂತಿಲ್ಲ, ನಾಯಿ ತರುವಂತಿಲ್ಲ. ಇಲಿಗೆ ಇರುವ ಮರ್ಯಾದೆ ನಮಗಿಲ್ಲ. ಆದರೆ ನಿನ್ನ ತಮ್ಮನ ಕೆಲಸ ಹೋದರೆ ನನ್ನ ಮೇಲೆ ಹಾಕಬೇಡ ಕಣೇ. ಅವನು ಕುಡಿದು ನಮ್ಮ ಬಾಗಿಲಲ್ಲಿ ಬಿದ್ದಿರುತ್ತಿದ್ದ ಕಾಲ ನನಗೆ ಮರೆತಿಲ್ಲ.

ಚೋಲೆ


ಎನ್ಸೆನಾದಾ
ಡಿಸೆಂಬರ್ 15, 1996

ಪ್ರೀತಿಯ ಅಕ್ಕಾ,

ಮರಿಗಳು ಹುಟ್ಟಿವೆ! ಇಬ್ಬರು ತಾಯಂದಿರಿಗೆ ಸೇರಿ ಐದು. ಕಣ್ಣು ಬಿಡುವ ಮೊದಲೇ ತಾಯಿಯ ಮೊಲೆ ಕಚ್ಚಿಕೊಂಡು ನೇತಾಡುತ್ತವೆ. ತಾಯಿ ಓಡಿದರೂ ಬಿಡುವುದಿಲ್ಲ, ನೆಲಕ್ಕೆ ಎಳೆದಾಡಿಸಿಕೊಂಡೇ ಹೋಗುತ್ತವೆ. ಡಾಕ್ಟರಮ್ಮ ನನ್ನ ಕೈ ಕುಲುಕಿದರು. ಅಕ್ಕಾ, ನನ್ನ ಕೈಯನ್ನು ಯಾರೂ ಯಾವತ್ತೂ ಕುಲುಕಿರಲಿಲ್ಲ.

ಕನೇಲಾಗೆ ಕ್ರಿಸ್ಮಸ್ಸಿಗೆ ಕೆಂಪು ರಿಬ್ಬನ್ ಕಟ್ಟಿದ್ದಾರೆ. ಮಿರ್ತಾ ಮತ್ತು ಎಲ್ದಾ ಅವಳನ್ನು ಗೊಂಬೆಯ ತೊಟ್ಟಿಲಲ್ಲಿ ಮಲಗಿಸುತ್ತಾರೆ. ನಾನು ಭಾನುವಾರ ಹೋದರೆ ಗುರುತು ಹಿಡಿದು ಕಾಲಿಗೆ ಮೈ ಉಜ್ಜುತ್ತಾಳೆ.

ನೀನು ಬರೆದು ಬಹಳ ದಿನವಾಯಿತು. ಮಂಡಿ ನೋವು ಹೇಗಿದೆ?

ನಿಕಾನೋರ್


ದ್ವೀಪ
ಜನವರಿ 19, 1997

ಪ್ರೀತಿಯ ನಿಕೋ,

ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ಕನೇಲಾಳ ವಿಷಯ ಎಷ್ಟು ಬರೆದರೂ ಸಾಲದು ನನಗೆ. ಏನು ತಿನ್ನಲು ಕೊಡುತ್ತಾರೆ? ಮೀನಿನ ಮುಳ್ಳು ಬಿಡಿಸಿ ಕೊಡುತ್ತಾರೆಯೇ? ಕರೆದರೆ ಬರುತ್ತಾಳೆಯೇ? ಹೇಗೆ ಕರೆಯುತ್ತಾರೆ ಅವಳನ್ನು? ರಾತ್ರಿ ಚಳಿಗೆ ಆ ಶಾಲು ಸಾಕಾಗುತ್ತದೆಯೇ? ಪ್ರತಿ ಪತ್ರದಲ್ಲೂ ಬರಿ. ಮರೆಯಬೇಡ. ಇಲ್ಲಿ ನನಗೆ ಇನ್ನೇನಿದೆ?

ಇಲಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನನ್ನ ಒಪ್ಪಿಗೆಯಿದೆ ಎಂದು ಡಾಕ್ಟರಮ್ಮನಿಗೆ ಹೇಳು.

ನಿನ್ನ ಅಕ್ಕ,
ಹಸಿಂತಾ


ಎನ್ಸೆನಾದಾ
ಏಪ್ರಿಲ್ 14, 1997

ಅಕ್ಕಾ,

ನಿನ್ನೆ ರಾತ್ರಿ ಬಂದು ಮುಟ್ಟಿದೆವು. ಪಂಜರಗಳು ಖಾಲಿಯಾಗಿ ಕೋಣೆಯೆಲ್ಲ ಭಣಗುಡುತ್ತಿದೆ. ಮೂರನ್ನು ಮಾತ್ರ ಇಲ್ಲಿ ಉಳಿಸಿಕೊಂಡಿದ್ದೇವೆ.

ದ್ವೀಪದಲ್ಲಿ ಆ ಸಂಜೆ ಪಂಜರದ ಬಾಗಿಲು ತೆರೆದಾಗ ಅವು ಓಡಿಹೋಗುತ್ತವೆ ಎಂದುಕೊಂಡಿದ್ದೆ. ಹೊಸ್ತಿಲಲ್ಲೇ ಕೂತು ಮೀಸೆ ಒರೆಸಿಕೊಂಡವು. ಆಮೇಲೆ ಒಂದು ಇಳಿಯಿತು, ಒಂದು ಕಡ್ಡಿ ಕಚ್ಚಿಕೊಂಡು ಕಲ್ಲಿನ ಸಂದಿಗೆ ಹೋಯಿತು. ಡಾಕ್ಟರಮ್ಮ ಅತ್ತರು. ನಾನೂ. ನೀನು ಅಷ್ಟು ದೂರದಲ್ಲಿ ಏಪ್ರನ್ನಿನಲ್ಲಿ ಕೈ ಒರೆಸುತ್ತಾ ನಿಂತಿದ್ದೆ, ಹತ್ತಿರ ಬರಲಿಲ್ಲ. ಊಟಕ್ಕೆ ಕೂತಾಗಲೂ ಮುಖ ಕೊಟ್ಟು ಮಾತಾಡಲಿಲ್ಲ. ಬೆಕ್ಕುಗಳ ಸಿಟ್ಟು ಇನ್ನೂ ಇದೆಯೇ?

ಒಂದು ಮಾತು. ಅಡುಗೆಮನೆಯ ಹಿಂದೆ ತಟ್ಟೆಯಲ್ಲಿ ಮೀನಿನ ತಲೆಗಳಿದ್ದವು. ಯಾರಿಗೆ ಎಂದಾಗ ಕಡಲ ಹಕ್ಕಿಗಳಿಗೆ ಅಂದೆ. ಹಕ್ಕಿ ಸೇರಿದರೆ ಇಲಿಮರಿಗಳಿಗೆ ಅಪಾಯ. ದಯವಿಟ್ಟು ಇಡಬೇಡ.

ಕನೇಲಾಗೆ ಹುಷಾರಿದೆ. ಮುಳ್ಳು ಬಿಡಿಸಿಯೇ ಕೊಡುತ್ತಾರೆ.

ನಿಕಾನೋರ್


ದ್ವೀಪ
ಮೇ 22, 1997

ಚೋಲೆ,

ನನಗೆ ಒಂದು ಬೋನು ಬೇಕು, ಬೆಕ್ಕು ಹಿಡಿಯುವಂಥದು. ಬೇಗ ಕಳಿಸು.

ನಡೆದದ್ದು ಹೇಳುತ್ತೇನೆ. ಹೋದ ವಾರ ನನ್ನ ಬೆರಳಿಗೆ ಹಾಕುವ ಹೊಲಿಗೆ ಟೋಪಿ ಕಾಣೆಯಾಯಿತು. ಅದಿದ್ದ ಜಾಗದಲ್ಲಿ ಒಂದು ಚಿಪ್ಪು, ತೊಳೆದಷ್ಟು ಚೊಕ್ಕ. ಮಾರನೆಯ ದಿನ ಒಲೆಯ ಹಿಂದೆ ಕೂತಿತ್ತು. ದೊಡ್ಡ ಕಿವಿ, ಬಿಳಿ ಹೊಟ್ಟೆ, ಗೌರವವಾಗಿ ಕೈ ಮಡಿಸಿ ಕೂತ ಹಾಗೆ. ಪಂಜರದಲ್ಲಿ ಹುಟ್ಟಿದ್ದಲ್ಲವೇ, ಮನುಷ್ಯರ ಭಯವಿಲ್ಲ. "ನನ್ನ ಟೋಪಿ ಎಲ್ಲೋ ಕಳ್ಳಾ?" ಅಂದೆ. ನನ್ನ ಮುಖವನ್ನೇ ನೋಡಿತು. ನಗು ಬಂತು ಚೋಲೆ, ಎಷ್ಟೋ ತಿಂಗಳ ಮೇಲೆ. ರೊಟ್ಟಿ ಚೂರು ಹಾಕಿದೆ.

ನಿನ್ನ ಬೆಕ್ಕು ಮರಿ ಹಾಕಿದ ಮೇಲೆ ಬಂಡೆಯ ಬಿರುಕುಗಳಲ್ಲಿ ಸೇರಿಕೊಂಡಿದೆ. ಮರಿಗಳೂ ಬೆಳೆದಿವೆ, ನನ್ನ ಹತ್ತಿರ ಬರುವುದಿಲ್ಲ. ಮೊನ್ನೆಯಿಂದ ಕಲ್ಲುಗಳ ಮೇಲೆ ಇಲಿಗಳ ಬಾಲ ಬಿದ್ದಿರುವುದು ಕಾಣುತ್ತಿದೆ. ಬಾಲ ಮಾತ್ರ; ಉಳಿದದ್ದನ್ನು ತಿನ್ನುತ್ತವೆ. ಒಲೆಯ ಹಿಂದಿನವನು ನಿನ್ನೆ ಬರಲಿಲ್ಲ, ಇವತ್ತೂ ಇಲ್ಲ.

ಮೀನಿನ ಎಣ್ಣೆ ಸುರಿದು ಬಲೆ ಹಾಕಿದೆ, ಬರಿಗೈಯನ್ನೇ ಬಿರುಕಿಗೆ ಹಾಕಿ ಕಚ್ಚಿಸಿಕೊಂಡೆ. ನಿಕಾನೋರನಿಗೆ ತಿಳಿಸಬಹುದು. ಒಂದು ಸಾಲು ಬರೆದರೆ ಬಂದೂಕು ತಂದು ಒಂದು ವಾರದಲ್ಲಿ ಮುಗಿಸುತ್ತಾನೆ. ಎರಡು ಸಲ ಕಾಗದ ಹಿಡಿದು ಕೂತೆ. ಹಾಗೆ ಬರೆದರೆ ಅವನ ಮುಂದೆ ನಾನು ತಪ್ಪಿತಸ್ಥೆ, ಅವನು ಕ್ಷಮಿಸುವವನು. ಅದೊಂದು ನನ್ನಿಂದಾಗದು. ಬೋನು ಕಳಿಸು.

ಹಸಿಂತಾ


ಎನ್ಸೆನಾದಾ
ಜೂನ್ 30, 1997

ಹಸಿಂತಾ,

ಇಲಿಗಳ ಎಣಿಕೆಗೆಂದು ದ್ವೀಪಕ್ಕೆ ಬಂದಾಗ ನೀನು ಜ್ವರವೆಂದು ಮಲಗಿದ್ದೆ. ಎಬ್ಬಿಸಲಿಲ್ಲ. ಒಂದೂ ಉಳಿದಿಲ್ಲ. ಕಡ್ಡಿಮನೆಗಳಿವೆ, ಒಳಗೆ ಯಾರೂ ಇಲ್ಲ. ನಿನ್ನ ಅಡುಗೆಮನೆಯ ಹಿಂದಿನ ಬೆಕ್ಕಿನ ಹಿಕ್ಕೆಯಲ್ಲಿ ಇಲಿಮರಿಗಳ ಎಳೆ ಹಲ್ಲುಗಳಿದ್ದವು. ಪಟ್ಟೆ ಬೆಕ್ಕೊಂದನ್ನು ಹೊಡೆದೆ. ಅದರ ಮರಿಗಳು ತಪ್ಪಿಸಿಕೊಂಡವು. ಫಿದೆನ್ಸಿಯೋಗೆ ಎರಡು ಬಾಟಲಿ ಕುಡಿಸಿದೆ, ಬಕೆಟ್ಟಿನ ಕತೆಯೆಲ್ಲ ಹೇಳಿದ.

ನಿನ್ನ ಹೆಸರನ್ನು ಡಾಕ್ಟರಮ್ಮನಿಗೆ ಹೇಳಿಲ್ಲ. ಕನಿಕರದಿಂದ ಎಂದುಕೊಳ್ಳಬೇಡ. ಇಂಥವಳ ತಮ್ಮ ಎಂದು ತಿಳಿದರೆ ನನಗೆ ಯಾರೂ ಕೆಲಸ ಕೊಡುವುದಿಲ್ಲ.

ಕನೇಲಾ ಕರೆದರೆ ಬರುತ್ತಾಳೆಯೇ ಎಂದು ಕೇಳಿದ್ದೆಯಲ್ಲ, ಉತ್ತರ ಕೊಡುತ್ತೇನೆ. ಅವಳ ಬಾಯೆಲ್ಲ ಹುಣ್ಣಾಗಿತ್ತು, ರೋಗದ ಬೆಕ್ಕನ್ನು ಊರಿಗೆ ಒಯ್ಯುವಂತಿಲ್ಲ ಎಂದಿದ್ದರು. ಅದನ್ನು ನಿನ್ನ ಮುಖ ನೋಡಿ ಹೇಳಲು ನನಗೆ ಧೈರ್ಯವಾಗಲಿಲ್ಲ. ಕೊರಕಲಿನಲ್ಲಿ ಬುಟ್ಟಿ ತೆರೆದ ಕೂಡಲೇ ಹಾರಿ ಓಡಿದಳು. ನಾನು ಕಲ್ಲಿನ ಮೇಲೆ ತಟ್ಟೆ ಬಡಿದು ನಿನ್ನ ದನಿಯಲ್ಲಿ ಕರೆದೆ. "ಬಾರೇ ಕನೇಲಾ, ಬಾರೇ ನನ್ನಮ್ಮ." ಥೇಟ್ ನಿನ್ನ ಹಾಗೆಯೇ. ಬಂದಳು. ಬಾಲ ಎತ್ತಿಕೊಂಡು ಬಂದಳು. ಆಮೇಲೆ ಹೊಡೆದೆ.

ಇಷ್ಟು ದಿನ ಇದನ್ನು ನಿನಗೆ ತಿಳಿಸದೆ ಹೊತ್ತುಕೊಂಡಿದ್ದೆ. ಈಗ ನೀನು ಹೊತ್ತುಕೋ.

ನಿಕಾನೋರ್


ದ್ವೀಪ
ಜುಲೈ 18, 1997

ನಿಕಾನೋರ್,

ಸತ್ತವರ ಹಬ್ಬದ ದಿನವೇ ನನಗೆ ಗೊತ್ತಾಗಿತ್ತು. ನಾನೇ ಹೂತೆ. ಆಮೇಲೆ ನೀನು ಬರೆದದ್ದನ್ನೆಲ್ಲ ಕ್ಯಾಂಪಿನ ಗಂಡಸರಿಗೆ ಊಟದ ಹೊತ್ತಿನಲ್ಲಿ ಓದಿ ಹೇಳುತ್ತಿದ್ದೆ. ಹೊಲಿಗೆ ಯಂತ್ರದ ಭಾಗಕ್ಕೆ ಬಹಳ ನಗುತ್ತಿದ್ದರು. ಎರಡನೇ ಹುಡುಗಿ ಮೊದಲು ಎದಿತ್ ಆಗಿದ್ದಳು, ಆಮೇಲೆ ಎಲ್ದಾ ಆದಳು. ಸುಳ್ಳನ್ನಾದರೂ ನೆಟ್ಟಗೆ ಹೇಳಲು ಕಲಿಸಲಿಲ್ಲವಲ್ಲ ನಾನು ಎಂದು ಬೇಸರವಾಯಿತು.

ಕರೆದಾಗ ಬಂದಳು ಎಂದು ಬರೆದಿದ್ದೀಯ. ಬರದೆ ಏನು ಮಾಡುತ್ತಾಳೆ? ನಮ್ಮ ಮನೆಯಲ್ಲಿ ನಿನ್ನ ದನಿಯೂ ನನ್ನ ದನಿಯೂ ಅವಳಿಗೆ ಒಂದೇ ಆಗಿತ್ತು.

ನಿನ್ನ ಇಲಿಗಳ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಹಸಿಂತಾ


ಎನ್ಸೆನಾದಾ
ಅಕ್ಟೋಬರ್ 9, 1997

ಹಸಿಂತಾ,

ಕ್ಯಾಂಪ್ ಮುಚ್ಚಿಸಿದರೆಂದೂ ನೀನು ಲಾ ಕಲೇತಾದಲ್ಲಿ ಚೋಲೆಯ ಹಿಂದಿನ ಕೋಣೆಯಲ್ಲಿದ್ದೀಯೆಂದೂ ಕೇಳಿದೆ.

ಸಂಸ್ಥೆಯವರು ಇಲ್ಲಿಯ ಕೆಲಸ ಮುಗಿಸಿ ಬೇರೆ ದ್ವೀಪದ ಹಕ್ಕಿಗಳ ಕಡೆ ಹೊರಟಿದ್ದಾರೆ. ನನ್ನನ್ನು ಕರೆಯಲಿಲ್ಲ. ಜಾಕೆಟ್ ವಾಪಸ್ ಕೊಡಿ ಅಂದರು, ಕೊಟ್ಟೆ. ನಾಳೆ ಟ್ಯೂನಾ ಹಡಗು ಹತ್ತುತ್ತಿದ್ದೇನೆ.

ಈ ಪತ್ರ ತಂದವನ ಕೈಯಲ್ಲಿ ಒಂದು ಪಂಜರವಿದೆ. ಉಳಿಸಿಕೊಂಡಿದ್ದ ಮೂರರಲ್ಲಿ ಹೆಣ್ಣುಗಳೆರಡೂ ಬೇಸಿಗೆಯಲ್ಲಿ ಸತ್ತವು. ಇದು ಗಂಡು. ಇನ್ನೊಂದು ಹೆಣ್ಣು ಎಲ್ಲೂ ಇಲ್ಲದ ಮೇಲೆ ಇದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅವರೂ ಅತ್ತರು, ಆದರೆ ಅವರ ಬಸ್ಸಿಗೆ ಹೊತ್ತಾಗಿತ್ತು.

ಕೊಲ್ಲಲು ನನ್ನಿಂದಾಗಲಿಲ್ಲ. ನೀನು ನೋಡಿಕೋ. ಪಾಪಾಸುಕಳ್ಳಿಯ ಎಲೆ ತಿನ್ನುತ್ತದೆ, ಮುಳ್ಳು ಸವರಿ ಕೊಡು. ಕಡ್ಡಿ ಹಾಕು. ಸತ್ತಾಗ ಸಂಸ್ಥೆಗೆ ಫೋನ್ ಮಾಡು, ದೇಹ ಬೇಕಂತೆ.

ನಿಕಾನೋರ್


ಲಾ ಕಲೇತಾ
ಮಾರ್ಚ್ 8, 1998

ನಿಕಾನೋರ್,

ಹಡಗಿನ ಕಚೇರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ಸಿಕ್ಕಿದರೆ ಸಿಗಲಿ.

ಇಲಿ ಸತ್ತಿತು. ಚಳಿಗಾಲವೆಲ್ಲ ಚೆನ್ನಾಗಿಯೇ ಇತ್ತು. ಕಡ್ಡಿ ಕೊಟ್ಟರೆ ಮೂಲೆಯಲ್ಲಿ ಕಟ್ಟುತ್ತಿತ್ತು. ಪಂಜರ ತೊಳೆಯಲು ನಾನು ಅದನ್ನು ಬಿಚ್ಚಬೇಕಾಗುತ್ತಿತ್ತು, ಬಿಚ್ಚಿದಾಗಲೆಲ್ಲ ಬೆರಳು ಕಚ್ಚುತ್ತಿತ್ತು. ನನಗೆ ಅದರ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ, ಅದಕ್ಕೂ ನನ್ನ ಮೇಲೆ. ರಾತ್ರಿ ಹಿಂಗಾಲಿನಿಂದ ನೆಲ ಬಡಿಯುತ್ತಿತ್ತು. ಇನ್ನೊಂದು ಇಲಿ ಕೇಳಲಿ ಎಂದು ಹಾಗೆ ಮಾಡುತ್ತವಂತೆ. ಚೋಲೆಗೆ ನಿದ್ದೆ ಬಾರದೆ ಗೋಡೆ ಬಡಿದು, "ಅದರ ಬಾಯಿ ಮುಚ್ಸೇ" ಅನ್ನುವಳು. ಅದು ಬಾಯಿಂದ ಮಾಡುವ ಸದ್ದಲ್ಲ ಎಂದು ಎಷ್ಟು ಸಲ ಹೇಳಿದೆನೋ.

ಆಮೇಲೆ ಕಡ್ಡಿ ಎತ್ತುವುದನ್ನು ಬಿಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಹೋಗಿತ್ತು.

ಔಷಧಿ ಅಂಗಡಿಯಿಂದ ಸಂಸ್ಥೆಗೆ ಫೋನ್ ಮಾಡಿದೆ. ಹೊಸ ಹುಡುಗಿ ಎತ್ತಿದಳು. ಯಾವ ಇಲಿ, ಯಾವ ದ್ವೀಪ ಎಂದು ಮತ್ತೆ ಮತ್ತೆ ಕೇಳಿ, ಐಸಿನಲ್ಲಿಡಿ, ಯಾರಾದರೂ ಬರುತ್ತಾರೆ ಅಂದಳು. ಬಟ್ಟೆಯಲ್ಲಿ ಸುತ್ತಿ ಫಿದೆನ್ಸಿಯೋನ ಐಸ್ ಪೆಟ್ಟಿಗೆಯಲ್ಲಿಟ್ಟೆ. ಅವರು ಬರುವುದು ತಡವಾಯಿತು. ಫಿದೆನ್ಸಿಯೋ ಗಾಳಕ್ಕೆ ಸಿಕ್ಕಿಸುವ ಹಳೆಯ ಮೀನಿನ ಜೊತೆ ಅದನ್ನೂ ಕಡಲಿಗೆ ಸುರಿದುಬಿಟ್ಟ, ನೋಡಲಿಲ್ಲವಂತೆ. ಹಕ್ಕಿಗಳು ತಿಂದವು. ಬಂದವನು ತುಂಬ ಎಳೆಯ ಹುಡುಗ. ಬೈಯಲಿಲ್ಲ. ಪರವಾಗಿಲ್ಲ, ನಮ್ಮಲ್ಲಿ ಹಳೆಯ ಇಲಿಗಳ ಒಣಗಿಸಿಟ್ಟ ಚರ್ಮಗಳಿವೆ ಎಂದು ಹೇಳಿ ಪಂಜರ ತೆಗೆದುಕೊಂಡು ಹೋದ.

ದ್ವೀಪದಲ್ಲಿ ಆ ಪಟ್ಟೆ ಬೆಕ್ಕಿನ ನಾಲ್ಕು ಮರಿಗಳು ಬೆಳೆದು ಇನ್ನೂ ಇವೆ. ಬಿಡಲು ಇಲಿಗಳೇ ಇಲ್ಲದ ಮೇಲೆ ಬೆಕ್ಕು ಕೊಲ್ಲಲು ಸಂಸ್ಥೆಯವರು ಬರುವುದಿಲ್ಲವಂತೆ. ಕ್ಯಾಂಪೂ ಇಲ್ಲ, ಮೀನಿನ ತಲೆಯೂ ಇಲ್ಲ. ಮೊನ್ನೆ ಫಿದೆನ್ಸಿಯೋ ಅತ್ತ ಹೋದಾಗ ಅವು ನೀರಿನ ಅಂಚಿಗೆ ಬಂದು ಅರಚಿದವಂತೆ. ಪಕ್ಕೆಲುಬು ಎಣಿಸಬಹುದಂತೆ. ಒಂದಕ್ಕೆ ಆಗಲೇ ಕಣ್ಣು ಹೋಗಿದೆಯಂತೆ. ನಾನು ಹೋಗಿ ನೋಡಿ ಬಂದೆ. ಅವನು ಹೇಳಿದ್ದಕ್ಕಿಂತ ಕೆಟ್ಟದಾಗಿವೆ.

ಹಡಗು ದಡಕ್ಕೆ ಬಂದಾಗ ಒಂದು ದಿನಕ್ಕೆ ಬಾ. ಬಂದೂಕು ತಾ. ದೋಣಿ ಫಿದೆನ್ಸಿಯೋ ಕೊಡುತ್ತಾನೆ. ಹಸಿವಿಗೆ ಈಗ ತಟ್ಟೆಯ ಸದ್ದು ಕೇಳಿದರೆ ಓಡಿ ಬರುತ್ತವೆ. ಕರೆಯುವುದನ್ನು ಈ ಸಲ ನಾನೇ ಮಾಡುತ್ತೇನೆ.

ಹಸಿಂತಾ